ಕಾರಿಲ್ಲ, ಟಿವಿ ಇಲ್ಲ, ಹಂಗಾರ ಏನೋ ಐತಿ

ನಾನು ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ದನಗಳಿಗೆ ಔಷಧ ಕೊಡುವವನು. ಸರಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿದೆ, ಜನರ ಬಾಯಲ್ಲಿ ಮಾತ್ರ ಬರೀ ದನದ ಡಾಕ್ಟರ್. ಇಷ್ಟು ವರ್ಷದ ಸಂಸಾರದಲ್ಲಿ ಕಾರು ಕೊಂಡಿಲ್ಲ, ಮನೆಗೆ ಟಿವಿ ತಂದಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ "ಬೇಕು ಅನಿಸಲಿಲ್ಲ" ಎಂದು ಖರೆಯನ್ನೇ ಹೇಳಿದ್ದೇನೆ. ಒಬ್ಬರೂ ನಂಬಿಲ್ಲ. ಕುಡಿಯುತ್ತಾನೆ, ಹರಕೆ ಹೊತ್ತಿದ್ದಾನೆ, ಹುಬ್ಬಳ್ಳಿಯಲ್ಲಿ ಇನ್ನೊಂದು ಮನೆ ಮಾಡಿದ್ದಾನೆ ಅಂತ ಯಾರಾದರೂ ಅಂದರೆ ಅದನ್ನು ಮಾತ್ರ ಥಟ್ಟನೆ ನಂಬಿಯಾರು. ಹೀಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಮೊದಲು ನಾನೂ ನಗುತ್ತಿದ್ದೆ. ಹೋದ ವರ್ಷದಿಂದ ಮಗಳಿಗೆ ವರ ನೋಡಲು ಶುರು ಮಾಡಿದೆವು, ನಗು ನಿಂತುಹೋಯಿತು. ಅವಳು ಕಲಘಟಗಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಕಡೆ ಹುಡುಗನ ಮನೆಯವರು ಹೆಣ್ಣು ನೋಡುವುದಕ್ಕೆ ಮುಂಚೆ ಒಬ್ಬರನ್ನು ಗುಟ್ಟಾಗಿ ಊರಿಗೆ ಕಳಿಸಿ ವಿಚಾರಣೆ ಮಾಡಿಸುತ್ತಾರೆ. ಅವರು ಮನೆ ಕಡೆ ಸುಳಿಯುವುದಿಲ್ಲ. ಚಹಾದಂಗಡಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಇಷ್ಟರಲ್ಲೇ ನಮ್ಮ ಹಣೆಬರಹ ಮುಗಿಯುತ್ತದೆ. ಹಾಗೆ ಬಂದ ಎರಡು ಕಡೆಯವರು ಯಾಕೆ ಅಂತಲೂ ಹೇಳದೆ ಹಿಂದೆ ಸರಿದರು. ಊರವರೇ ಏನೋ ಹೇಳಿ ಕೆಡಿಸಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಅಲ್ಲಿಂದ ನನಗೂ ಊರಿನ ಮೇಲೆ ಸಂಶಯ.

ಡಾಕ್ಟರ್ ಇನ್ನೂ ಬಂದಿಲ್ಲ

ಒಬ್ಬ ರೈತನ ಎಮ್ಮೆ ಮೇವು ಬಿಟ್ಟಿತ್ತು. ನಾನು ಆ ಊರಿಗೆ ಹೊಸಬ. ಬಸ್ಸಿಳಿದು ಎರಡು ಮೈಲಿ ನಡೆದು ಹೋದೆ. ಆತ ನನ್ನ ಚೀಲ ನೋಡಿದ, ಧೂಳು ತುಂಬಿದ ಚಪ್ಪಲಿ ನೋಡಿದ, ಆಮೇಲೆ ನನ್ನನ್ನು ದಾಟಿ ರಸ್ತೆ ನೋಡಿದ.

"ನೀವು ಮುಂದ ಬಂದ್ರೇನು? ಡಾಕ್ಟರ್‌ರ ಕಾರು ಎಲ್ಲೈತಿ?"

"ನಾನ ಡಾಕ್ಟರ್ ರೀ. ಕಾರಿಲ್ಲ."

ಆತ ನಕ್ಕ. ನಾನು ಎಮ್ಮೆಯ ಹೊಟ್ಟೆ ಒತ್ತಿ ನೋಡಿದೆ, ಜ್ವರ ನೋಡಿದೆ, ಎರಡು ಇಂಜೆಕ್ಷನ್ ಕೊಟ್ಟೆ. ಅಷ್ಟು ಹೊತ್ತೂ ಆತ ಬೇಲಿಯ ಹತ್ತಿರ ನಿಂತು ರಸ್ತೆಯ ಕಡೆಗೇ ನೋಡುತ್ತಿದ್ದ. ಹೊರಟಾಗ "ಡಾಕ್ಟರ್ ಬರೂತನಕಾ ಕುಂದರ್ರಲಾ, ಚಾ ಕುಡೀರಿ" ಅಂದ. ಚಹಾ ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಫೋನು ಬಂತು. "ಎಮ್ಮಿ ಅಗದಿ ಚಲೋ ಆತ್ರಿ. ಮೇವು ತಿನ್ನಾಕತ್ತೈತಿ, ಹಾಲೂ ಕೊಟ್ಟೈತಿ. ಇನ್ನ ಡಾಕ್ಟರ್‌ರಿಗೆ ಬರೂದು ಬ್ಯಾಡ ಅಂತ ಹೇಳಿಬಿಡ್ರಿ."

ಬಸ್ಸಿನಲ್ಲಿ ನಾಲ್ಕು ಹೋರಿ

ಆಕಳು, ಎಮ್ಮೆ ಗಬ್ಬ ಕಟ್ಟಿಸಲು ಒಳ್ಳೆಯ ಜಾತಿಯ ಹೋರಿ, ಕೋಣಗಳ ಬೀಜ ಬೇಕು. ಅದು ಕೆಡದಂತೆ ವಿಪರೀತ ತಣ್ಣಗಿರುವ ಒಂದು ಕ್ಯಾನಿನಲ್ಲಿ ಇಟ್ಟುಕೊಂಡು ಓಡಾಡುತ್ತೇವೆ. ಕಾರಿದ್ದವರು ಡಿಕ್ಕಿಯಲ್ಲಿಟ್ಟು ಒಯ್ಯುತ್ತಾರೆ. ನಾನು ಬಸ್ಸಿನಲ್ಲಿ ಕಾಲ ನಡುವೆ ಹಿಡಿದುಕೊಂಡು ಕೂರುತ್ತೇನೆ. ಒಮ್ಮೆ ತಗ್ಗಿನಲ್ಲಿ ಬಸ್ಸು ಹಾರಿ ಮುಚ್ಚಳ ಸಡಿಲಾಯಿತು, ಬಿಳಿ ಹೊಗೆ ಬಂತು. ಹಿಂದಿನ ಸೀಟಿನವರೆಲ್ಲ ಎದ್ದು ನಿಂತರು. ಕಂಡಕ್ಟರ್ ಓಡಿ ಬಂದ.

"ಏನ್ರಿ ಅದು? ಬಸ್ ಹಾರಸೂ ವಿಚಾರ ಐತೇನು?"

"ಗಾಬರಿ ಆಗಬ್ಯಾಡ್ರಿ. ನಾನು ಸರಕಾರಿ ದನದ ಡಾಕ್ಟರ್. ಹೋರಿ ಬೀಜ. ನಾಕು ಹೋರೀವು."

ಕಂಡಕ್ಟರ್ ಬಗ್ಗಿ ಕ್ಯಾನು ನೋಡಿದ, ನನ್ನ ಮುಖ ನೋಡಿದ. "ಸರಕಾರಿ ನೌಕರಿ ಅಂತೀರಿ, ಡಾಕ್ಟರ್ ಅಂತೀರಿ, ಒಂದು ಕಾರಿಲ್ಲ ಅಂದ್ರ ನಂಬೂದು ಹೆಂಗ? ಗುರುತಿನ ಚೀಟಿ ತೋರಸ್ರಿ." ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹೊಸ ಚಿಂತೆ ಶುರುವಾಯಿತು. ಕೋಳಿಗೆ ತಿಕೀಟು ಉಂಟು, ಕುರಿಮರಿಗೂ ಉಂಟು. ಚೆಕಿಂಗಿನವರು ಬಂದರೆ ನಾಲ್ಕು ಹೋರಿಗೆ ಏನು ಹೇಳುವುದು? "ಲಗೇಜ್ ಹಚ್ಚಲೋ, ಅರ್ಧಾ ತಿಕೀಟು ಕೊಡ್ಲೋ?" ಅಂತ ತಿಕೀಟಿನ ಮಶೀನು ಹಿಡಿದುಕೊಂಡು ನಿಂತ.

ಬಾಜೂ ಸೀಟಿನ ಮುದುಕಿಗೆ ಸಿಟ್ಟು ಬಂತು. "ಇನ್ನೂ ಹುಟ್ಟs ಇಲ್ಲ, ಎಂಥಾ ತಿಕೀಟಲೇ ತಮ್ಮಾ? ಹೆಣ್ಣಗರು ಹುಟ್ಟಿದ್ರ ಅದಕ್ಕೂ ನನ್ನಂಗ ಫುಕಟ್ ಐತಿ, ಮುಂದ ನಡಿ!"

ನಡುವಿನ ಗೋಡೆ

ನಮ್ಮದು ಬಾಡಿಗೆ ಮನೆ. ಬಾಜೂ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆ ಮನೆಯ ಅಕ್ಕನಿಗೆ ನಮ್ಮ ಮೇಲೆ ಬಹಳ ದಿನದಿಂದ ಒಂದು ಗುಮಾನಿ. ಟಿವಿ ಇಲ್ಲದೆ ಯಾರೂ ಬದುಕುವುದಿಲ್ಲ, ಅಂದಮೇಲೆ ಇವರು ಗೋಡೆಗೆ ಕಿವಿ ಹಚ್ಚಿ ತನ್ನ ಸೀರಿಯಲ್ಲನ್ನೇ ಕೇಳುತ್ತಿರಬೇಕು ಅಂತ. ಸಂಜೆಯಾದರೆ ದನಿ ಸಣ್ಣ ಮಾಡುತ್ತಿದ್ದರು. ಒಮ್ಮೆ ನನ್ನನ್ನು ನೇರವಾಗಿಯೇ ಕೇಳಿದರು.

"ಅಲ್ರಿ, ನಮ್ಮ ಟಿವಿ ನಿಮಗ ಕೇಳತೈತೇನು?"

ನನಗೆ ಅವಮಾನವಾಯಿತು. "ನೋಡ್ರಿ ಅಕ್ಕಾರ, ನಮ್ಮ ಮನ್ಯಾಗ ಅಂಥಾ ಹುಚ್ಚು ಯಾರಿಗೂ ಇಲ್ಲ. ನನ್ನ ಹೆಂಡ್ತಿಗೆ ಆ ಸೀರಿಯಲ್ ಹೆಸರು ಸೈತ ಗೊತ್ತಿಲ್ಲ" ಅಂದೆ. ಅವರು ತಲೆ ಅಲ್ಲಾಡಿಸಿ ಹೋದರು.

ಮರುದಿನ ನಮ್ಮ ಕಟ್ಟೆಯ ಮುಂದೆಯೇ ನಿಂತು ಎದುರು ಮನೆಯಾಕೆಗೆ ಕೂಗಿ ಹೇಳಿದರು: "ನಿನ್ನೆ ನೋಡಿದೇನು? ಆ ಸಣ್ಣ ಸೊಸಿ ಸತ್ತs ಹೋದ್ಲು ಪಾಪ!"

ನಮ್ಮ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಎಲ್ಲಿ ಸತ್ತಾಳ್ರಿ? ದವಾಖಾನ್ಯಾಗ ಅದಾಳ. ನಿನ್ನೆ ಕಣ್ಣ ತೆರದಾಳಲ್ಲ!"

ಖಾಲಿ ಡಬ್ಬಿ

ಎರಡನೆಯ ಸಂಬಂಧ ಮುರಿದಾಗ ಹೆಂಡತಿ ಒಂದು ಉಪಾಯ ಮಾಡಿದಳು. ಅವಳ ಅಣ್ಣ ದೊಡ್ಡ ಟಿವಿ ತಂದಿದ್ದ. ಅದರ ಖಾಲಿ ರಟ್ಟಿನ ಡಬ್ಬಿಯನ್ನು ತಂದು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. "ನೋಡಿದವರು ನೋಡ್ಲಿ. ಸುಳ್ಳಂತೂ ಹೇಳಿಲ್ಲಲಾ ನಾವು" ಅಂದಳು.

ಅದೇ ಸಂಜೆ ಮನೆಯ ಮಾಲೀಕರು ಐದು ಮಂದಿಯನ್ನು ಕರೆದುಕೊಂಡು ಕ್ರಿಕೆಟ್ ನೋಡಲು ಬಂದು ಕೂತರು. ಹೆಂಡತಿ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದಳು. "ಡಬ್ಬಿ ಅಷ್ಟ ಐತ್ರಿ, ಟಿವಿ ಇಲ್ಲ" ಅಂತ ನಾನೇ ಹೇಳಬೇಕಾಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ತಂದ ದಿನಾನ ಹೋತೇನ್ರಿ? ಛೇ ಛೇ" ಅಂದರು.

ನಮ್ಮ ಟಿವಿ ಕಳುವಾಯಿತೆಂದು ಊರೆಲ್ಲ ಸುದ್ದಿ. ನಾಲ್ಕು ಮಂದಿ ಸಮಾಧಾನ ಹೇಳಿ ಹೋದರು. ಮರುದಿನ ಪೊಲೀಸಪ್ಪನೇ ಮನೆಗೆ ಬಂದ. ಟಿವಿ ಇರಲೇ ಇಲ್ಲ ಅಂತ ಎಷ್ಟು ಹೇಳಿದರೂ ಆತ ಒಪ್ಪಲಿಲ್ಲ. "ಡಬ್ಬಿ ಐತಿ, ಒಳಗ ಟಿವಿ ಇಲ್ಲ. ಇದಕ್ಕ ಕಳುವು ಅನ್ನದ ಮತ್ತೇನಂತಾರ? ಅಂಜಬ್ಯಾಡ್ರಿ, ಯಾರ ಮ್ಯಾಲೆ ಸಂಶೇ ಐತಿ ಹೇಳ್ರಿ" ಅಂತ ಬರೆದುಕೊಳ್ಳಲು ನೋಟ್‌ಬುಕ್ ತೆಗೆದ.

ನಾನು ಬಾಯಿ ತೆರೆಯುವ ಮೊದಲೇ ಮಗಳು ಒಳಗಿನಿಂದ ಹೇಳಿದಳು: "ನಮ್ಮಪ್ಪಗ ಇಡೀ ಊರ ಮ್ಯಾಲೆ ಐತ್ರಿ. ಹಾಳಿ ಸಾಕಾಗತಾವೇನು?"

ಕಾರು ನಿಲ್ಲಿಸಿದವರು

ಮೂರನೆಯ ಸಂಬಂಧ ನವಲಗುಂದದ ಕಡೆಯದು. ಹುಡುಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮಗಳೂ ಅವನೂ ಫೋನಿನಲ್ಲಿ ಮಾತಾಡಿದ್ದರು. ಆ ದಿನ ಅವಳು ಯಾವತ್ತೂ ಹೇಳದ ಮಾತು ಹೇಳಿದಳು: "ಅಪ್ಪಾ, ಇದೊಂದು ಕೆಡಬಾರದು ನೋಡು." ಅವಳಿಗಾಗಿ ಕಾರು, ಟಿವಿ ಎರಡನ್ನೂ ಅವತ್ತೇ ತರಲೂ ತಯಾರಿದ್ದೆ. ಆದರೆ ತಂದರೆ, ಇಷ್ಟು ದಿನ ಇಲ್ಲದ್ದು ಈಗ ಯಾಕೆ ಬಂತು ಅಂತ ಅದಕ್ಕೂ ವಿಚಾರಣೆ ಆದೀತು.

ಒಂದು ಮಧ್ಯಾಹ್ನ ಬಮ್ಮಿಗಟ್ಟಿಯಲ್ಲಿ ಆಕಳು ನೋಡಿ ನಡೆಯುತ್ತ ಬರುತ್ತಿದ್ದೆ. ಹಿಂದಿನಿಂದ ಬಂದ ಕಾರು ನಿಂತಿತು. ಧೋತರ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು, "ಬಿಸಲಾಗ ಎಲ್ಲಿ ನಡೀತೀರಿ, ಹತ್ರಿ" ಅಂದರು. ಹತ್ತಿದೆ. ಸ್ವಲ್ಪ ದೂರ ಹೋದಮೇಲೆ ಅವರು ಕೇಳಿದರು: "ಮುಂದಿನ ಊರಾಗ ದನದ ಡಾಕ್ಟರ್ ಒಬ್ರು ಅದಾರಲ್ಲ, ಗೊತ್ತೇನ್ರಿ?"

ನಾನು ಚೀಲವನ್ನು ಮೆಲ್ಲಗೆ ಕಾಲಡಿ ತಳ್ಳಿದೆ. "ಗೊತ್ತದಾರ."

"ನಾನು ನವಲಗುಂದದಾಂವ. ನಮ್ಮ ಸೋದರಳಿಯಗ ಅವರ ಮಗಳನ್ನ ಕೇಳೂ ವಿಚಾರ ಐತಿ. ಆ ಊರಾಗೂ ಕೇಳೀನಿ, ಬಮ್ಮಿಗಟ್ಟ್ಯಾಗೂ ಕೇಳೀನಿ. ಎಲ್ಲಾರೂ ಒಂದ ಮಾತು, ಬಾಯಿಪಾಠ ಮಾಡಿದಂಗ! ನನಗ ಅಗದಿ ಸಂಶೇ ಬಂದೈತಿ. ನೀವರ ಖರೆ ಹೇಳ್ರಿ, ಮನುಷ್ಯಾ ಹೆಂಗ?"

ನನ್ನ ಸಂಶಯವೇ ಖರೆಯಾಯಿತು. ಎರಡೂರಿನವರು ಕೂಡಿ ಒಂದೇ ಚಾಡಿ ಹೇಳಿದ್ದಾರೆ. ಈಗ ನಾನೊಬ್ಬ ಹೊಗಳಿದರೆ ಇವರು ನಂಬುವುದಿಲ್ಲ. ಸಣ್ಣ ಸಣ್ಣ ತಪ್ಪು ಒಪ್ಪಿಕೊಂಡರೆ ದೊಡ್ಡದನ್ನಾದರೂ ಸುಳ್ಳೆಂದು ಅಂದುಕೊಂಡಾರು ಅನ್ನಿಸಿತು.

"ಕೆಟ್ಟವರೇನಲ್ರಿ. ಸಿಟ್ಟು ಒಂದೀಟು ಜಾಸ್ತಿ" ಅಂದೆ.

ಅವರ ಮುಖ ಅರಳಿತು. "ಹೌದೇನು? ಮತ್ತ?"

"ಸ್ವಲ್ಪ ಜುಗ್ಗ. ಉಣ್ಣಾಕ ಕುಂತ್ರ ಯಾರ ಜೋಡೀನೂ ಮಾತಿಲ್ಲ. ಮಕ್ಕೊಂಡ್ರ ಗೊರಕಿ."

"ಅಷ್ಟು ಗೊತ್ತೇನ್ರಿ ನಿಮಗ?"

"ಭಾಳ ಹತ್ರದಿಂದ ನೋಡೀನ್ರಿ."

"ಮತ್ತ? ಮತ್ತ?"

ಅವರು ಕೇಳುವ ಖುಷಿಗೆ ನಾನು ಹಿಡಿತ ತಪ್ಪಿದೆ. ಹೆಂಡತಿಯ ಮಾತು ಒಂದೂ ಕೇಳುವುದಿಲ್ಲ, ಮೊಂಡ, ಯಾರನ್ನೂ ನಂಬುವುದಿಲ್ಲ, ಎಲ್ಲ ಹೇಳಿಬಿಟ್ಟೆ. ಇಳಿಯುವಾಗ ಅವರು ನನ್ನ ಎರಡೂ ಕೈ ಹಿಡಿದು, "ಭಾಳ ಉಪಕಾರ ಆತ್ರಿ" ಅಂದರು. ಕಾರು ಮರೆಯಾದ ಮೇಲೆ, ನನ್ನ ಮಗಳ ಸಂಬಂಧವನ್ನು ನಾನೇ ಕೈಯಾರೆ ಮುರಿದೆ ಅಂತ ತಿಳಿಯಿತು. ಮನೆಯಲ್ಲಿ ಹೇಳುವ ಧೈರ್ಯ ಆಗಲಿಲ್ಲ. ಎಂಟು ದಿನ ಮಗಳು ಲ್ಯಾಬಿನಿಂದ ಬಂದವಳೇ ಅವ್ವನ ಮುಖ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಾರದೆ ಕೊಟ್ಟಿಗೆ ಕೊಟ್ಟಿಗೆ ಅಲೆದೆ.

ಒಂಬತ್ತನೆಯ ದಿನ ಫೋನು ಬಂತು. ರವಿವಾರ ಹೆಣ್ಣು ನೋಡಲು ಬರುತ್ತಾರಂತೆ! ನನಗೆ ತಲೆಬುಡ ತಿಳಿಯಲಿಲ್ಲ.

ರವಿವಾರ ಹುಡುಗ, ಅವನ ತಂದೆ ತಾಯಿ ಮುಂಜಾನೆಯ ಬಸ್ಸಿಗೆ ಬಂದರು. ಜಮಖಾನೆಯ ಮೇಲೆ ಕೂತರು, ಅವಲಕ್ಕಿ ತಿಂದರು. ಹುಡುಗಿ ಒಪ್ಪಿಗೆಯಾಗಿದ್ದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಮಾತು ಕೂಡಿದರೆ ಬಾಯಿಗೆ ಹಾಕಲು ಸಕ್ಕರೆಯ ಬಟ್ಟಲೂ ತಯಾರಿತ್ತು. ಆದರೆ ಹಿಂದಿನಿಂದ ಬರುವ ಹುಡುಗನ ಸೋದರಮಾವ ಹೂಂ ಅನ್ನುವ ತನಕ ಯಾರೂ ಮಾತು ಕೊಡುವಂತಿರಲಿಲ್ಲ. ಕಾರು ಬಂತು. ನಾನು ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿದ್ದೆ. ಟೊಪ್ಪಿಗೆಯ ಹಿರಿಯರು ನನ್ನನ್ನು ನೋಡಿದರು, ಅವರ ಮುಖ ಕಪ್ಪಿಟ್ಟಿತು. ಕಾಲು ತೊಳೆದುಕೊಂಡು ಸೀದಾ ಅಡಿಗೆ ಮನೆಯ ಬಾಗಿಲಿಗೆ ಹೋಗಿ ನನ್ನ ಹೆಂಡತಿಗೆ ಹೇಳಿದರು. ಗುಟ್ಟಾಗಿ ಹೇಳುತ್ತಿದ್ದೇನೆ ಅಂತ ಅವರ ಭಾವನೆ, ಪಡಸಾಲೆಗೆಲ್ಲ ಕೇಳುತ್ತಿತ್ತು.

"ತಂಗೀ, ತಪ್ಪು ತಿಳೀಬ್ಯಾಡವಾ. ಬಾಗಲದಾಗ ನಿಂತಾನಲ್ಲ, ಆ ಮನುಷ್ಯಾನ್ನ ಮನಿಯೊಳಗ ಬಿಟ್ಟಗೋಬ್ಯಾಡ. ಎರಡೂರು ತಿರಗೀನಿ, ಹತ್ತಿಪ್ಪತ್ತು ಮಂದೀನ ಕೇಳೀನಿ. ಎಲ್ಲಾರೂ ನಿಮ್ಮ ಯಜಮಾನರನ್ನ ಬಂಗಾರದಂಥಾ ಮನುಷ್ಯಾ ಅಂದ್ರು. ಹಿಂಗ ಎಲ್ಲಾರೂ ಹೊಗಳತಾರಂದ್ರ ಮಂದೀಗೆ ಹೇಳಿಕೊಟ್ಟು ಇಟ್ಟಾರ ಅಂತ ಅಂಜಿದ್ದೆ ನಾನು. ಕಡೀಕ ಇಂವ ಒಬ್ಬಾಂವ ಬಾಯಿತುಂಬ ಬೈದಾ ನೋಡು, ಆವಾಗ ಊರ ಮಾತು ಖರೆ ಅಂತ ಧೈರ್ಯ ಬಂತು. ಆದ್ರ ಇಂವ ನಿಮ್ಮ ಮನಿಗೆ ಆಗದಾಂವ!"

ತಂಬಿಗೆ ಹಿಡಿದು ನಿಂತಲ್ಲೇ ನನ್ನ ಕಣ್ಣು ತುಂಬಿದವು. ಯಾರ ಮೇಲೆ ವರ್ಷವಿಡೀ ಹಲ್ಲು ಕಡಿದಿದ್ದೆನೋ ಆ ಜನ ನನ್ನನ್ನು ಹೀಗೆ ಕಾಪಾಡಿಕೊಂಡು ಬಂದಿದ್ದರು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಹಿಂದಿನ ಎರಡು ಕಡೆಯವರು ಯಾಕೆ ಹೆದರಿ ಹೋದರೆಂದೂ ಹೊಳೆಯಿತು. ಪಾಪ, ಅವರಿಗೆ ನನ್ನನ್ನು ಬೈಯುವವರು ಒಬ್ಬರೂ ಸಿಕ್ಕಿರಲಿಲ್ಲ.

ಹೆಂಡತಿ ಸೆರಗು ಸರಿ ಮಾಡಿಕೊಂಡು ಅಂದಳು: "ಏನ್ ಮಾಡೂದ್ರಿ ಅಣ್ಣಾರ, ಇಪ್ಪತ್ತಾರು ವರ್ಷದ ಹಿಂದs ಬಿಟ್ಟಗೊಂಡುಬಿಟ್ಟೀನಿ. ಇವರs ನಮ್ಮ ಯಜಮಾನ್ರು."

ಒಳಗಿನಿಂದ ಮೊದಲು ನಕ್ಕವಳು ಮಗಳು, ಆಮೇಲೆ ಹುಡುಗ. ಸೋದರಮಾವ ಮಾತ್ರ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಟ್ಟಲಿಗೆ ಕೈಹಾಕಿ ಮುಷ್ಟಿ ತುಂಬ ಸಕ್ಕರೆ ತೆಗೆದುಕೊಂಡು ನನ್ನತ್ತ ಬಂದರು.

"ಬಾಯಿ ತೆಗೀರಿ ಬೀಗರ. ಎಲ್ಲಾರಕಿಂತ ಮೊದಲ ಇದನ್ನ ಮುಚ್ಚೂಣು, ಇಲ್ಲಂದ್ರ ಇನ್ನ ಹುಡುಗೀ ಬಗ್ಗೇನೂ ಏನರ ಹೇಳಿಬಿಡ್ತೀರಿ!"