ಮೂಗಿಲ್ಲದ ಮಹಾರಾಣಿ

ಉಸಿರಾಡುವುದೂ ಒಂದು ಕೆಲಸ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ನಾಯಿಯಿಂದ. ಅಲ್ಲಿಯವರೆಗೆ ಅದು ತನ್ನಷ್ಟಕ್ಕೆ ನಡೆಯುವ ವ್ಯವಹಾರ, ನಾವು ತಿಂದುಂಡು ತಿರುಗಾಡಿಕೊಂಡಿದ್ದರೆ ಸಾಕು ಎಂದುಕೊಂಡಿದ್ದೆ. ಹಾಗೆ ನೋಡಿದರೆ ಮೂಗಿನ ಬೆಲೆ ನನಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಶಿವಮೊಗ್ಗದ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ನನ್ನ ಅನ್ನ ನಿಂತಿರುವುದೇ ಊರವರ ಮೂಗಿನ ಮೇಲೆ. ಗಿಣಿಮೂಗು, ಮೊಂಡುಮೂಗು, ಒಂದು ಪಕ್ಕಕ್ಕೆ ವಾಲಿದ ಮೂಗು, ಎಲ್ಲಕ್ಕೂ ಫ್ರೇಮು ಕೂರಿಸಿದ್ದೇನೆ. ಮೂಗೇ ಇಲ್ಲದ ಮುಖವೊಂದು ನಮ್ಮ ಮನೆಗೆ ಬಂದು ಸೋಫಾ ಹತ್ತಿ ಕೂರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಅವಳನ್ನು ತಂದವನು ನನ್ನ ಹೆಂಡತಿ ವಿಮಲಳ ತಮ್ಮ ನಾಗರಾಜ. ಭದ್ರಾವತಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ಯಾವ ಪ್ರಾಣಿಯೂ ದೇವರು ಕೊಟ್ಟ ಆಕಾರದಲ್ಲಿ ರುಚಿಸುವುದಿಲ್ಲ. ಮೊದಲು ಬೀಸಣಿಗೆ ಬಾಲದ ಪಾರಿವಾಳ ಸಾಕಿದ್ದ. ಬಾಲ ಬಿಚ್ಚಿ ನಿಂತರೆ ನೋಡಲು ಬಲು ಚೆಂದ. ಆದರೆ ನೆಟ್ಟಗೆ ಹಾರಲು ಬಾರದು. ಪಕ್ಕದ ಮನೆಯ ಬೆಕ್ಕಿಗೆ ಈ ಸಂಗತಿ ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಆಮೇಲೆ ಕಣ್ಣ ಕೆಳಗೆ ನೀರಿನ ಚೀಲ ತೂಗಿಕೊಂಡ ಬಂಗಾರದ ಮೀನು ತಂದ. ಅವು ಮುಂದೇನಿದೆ ಎಂದು ಕಾಣದೆ ಗಾಜಿಗೆ ಹಾಯುತ್ತ ಹಾಯುತ್ತ ಒಂದೊಂದಾಗಿ ಮೇಲೆ ತೇಲಿದವು. ಕೊನೆಗೆ ಬಂದವಳು ಬುಲ್‌ಡಾಗ್ ಜಾತಿಯ ಮಹಾರಾಣಿ. ಅವನ ಮನೆಯ ಮಹಡಿಗೆ ತಗಡಿನ ಸೂರು. ಅದರ ಕಾವಿಗೆ ಅವಳು ನಾಲಗೆ ಚಾಚಿ ಬಿದ್ದುಕೊಳ್ಳುವುದನ್ನು ನೋಡಲಾರದೆ, ಶಿವಮೊಗ್ಗದ ನವುಲೆಯಲ್ಲಿರುವ ನಮ್ಮ ಮನೆಗೆ ಕಾರಿನಲ್ಲಿ ಹೊತ್ತು ತಂದ.

"ನಿಮ್ಮನೆ ತಂಪು ಭಾವ. ಬೇಸಿಗೆ ಮುಗಿಯೋ ತನಕ ಇಟ್ಕೊಳ್ಳಿ. ಮುಂದಿನ ತಿಂಗಳು ನಮ್ಮೂರಲ್ಲಿ ನಾಯಿಗಳ ಶೋ ಇದೆ, ಆಗ ಬಂದು ಕರ್ಕೊಂಡು ಹೋಗ್ತೀನಿ" ಎಂದ.

"ಇದೇನೋ, ಉಸಿರಾಡ್ತಿದೆಯೋ ಹಿಟ್ಟಿನ ಗಿರಣಿ ನಡೆಸ್ತಿದೆಯೋ?" ಎಂದೆ.

"ಬ್ರೀಡೇ ಹಾಗೆ ಭಾವ."

ಮುಂದೆ "ಬ್ರೀಡೇ ಹಾಗೆ" ಎಂಬ ಈ ಎರಡು ಪದ ನಮ್ಮ ಮನೆಯಲ್ಲಿ ಎಲ್ಲ ರೋಗಕ್ಕೂ ಮದ್ದಾಯಿತು. ಮುಖದ ಮಡಿಕೆಗಳು ಕೆಂಪಾಗಿ ವಾಸನೆ ಬಂದವು: ಬ್ರೀಡೇ ಹಾಗೆ. ಉಂಡದ್ದನ್ನು ಕಕ್ಕಿಕೊಂಡಳು: ಬ್ರೀಡೇ ಹಾಗೆ. ಬೆಳಗ್ಗೆ ವಾಕಿಂಗ್‌ಗೆ ಕರೆದುಕೊಂಡು ಹೋದರೆ ರಸ್ತೆಯ ತಿರುವಿನಲ್ಲಿ ಕೂತುಬಿಡುತ್ತಿದ್ದಳು. ಬೀದಿನಾಯಿಗಳು ಅವಳನ್ನು ಕಂಡು ಬೊಗಳಲೆಂದು ಓಡಿ ಬಂದು, ಹತ್ತಿರದಿಂದ ನೋಡಿ, ಏನೂ ಹೇಳದೆ ಹಿಂದಕ್ಕೆ ಹೋಗುತ್ತಿದ್ದವು. ನಾನು ಅವಳನ್ನು ಎತ್ತಿಕೊಂಡು ವಾಪಸು ಬರುವುದನ್ನು ಕಂಡ ಪಕ್ಕದ ಮನೆಯ ಶಂಕ್ರಪ್ಪನವರು, "ವಾಕಿಂಗ್ ನಾಯಿಗೋ ನಿಮಗೋ ಸ್ವಾಮಿ?" ಎಂದು ಕೇಳದ ದಿನವಿರಲಿಲ್ಲ. ಅವಳ ತೂಕಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ಅದಕ್ಕೆ ವಿಮಲ ಹೇಳಿದಳು, "ನಿಮ್ಮ ಬ್ರೀಡೇ ಹಾಗೆ."

ಆದರೂ ಮಹಾರಾಣಿಯನ್ನು ಪ್ರೀತಿಸದೆ ಇರಲಾಗುತ್ತಿರಲಿಲ್ಲ. ನಾನು ಅಂಗಡಿಯಿಂದ ಬಂದರೆ ಓಡಿ ಬರಲಾಗದ್ದಕ್ಕೆ ಕೂತಲ್ಲೇ ಇಡೀ ಹಿಂಭಾಗವನ್ನು ಅಲ್ಲಾಡಿಸುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಸೋಫಾದ ತೋಳಿಗೆ ಗದ್ದ ಇಟ್ಟು, ಕೂತುಕೊಂಡೇ ನಿದ್ದೆ ಮಾಡುತ್ತಿದ್ದಳು. ಕೆಲವು ಸಲ ಬಾಯಲ್ಲಿ ಚೆಂಡು ಕಚ್ಚಿಕೊಂಡೇ ಮಲಗಿಬಿಡುವಳು. ವಿಮಲ ಇದನ್ನು ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದಳು. ನೆಂಟರೆಲ್ಲ ನಗುವ ಗೊಂಬೆಗಳನ್ನು ವಾಪಸು ಕಳಿಸಿದರು. ನಾನೂ ಕಳಿಸಿದೆ, ಮನೆಯೊಳಗೇ ಕೂತು.

ಮುಖದ ಹುಣ್ಣಿಗೆ ಮುಲಾಮು ಕೇಳಲು ಪ್ರಾಣಿ ವೈದ್ಯೆ ಡಾಕ್ಟರ್ ಶೈಲಜಾ ಅವರ ಕ್ಲಿನಿಕ್ಕಿಗೆ ಹೋದಾಗ ವಿಮಲ ಆ ವಿಡಿಯೊ ಅವರಿಗೂ ತೋರಿಸಿದಳು. ಡಾಕ್ಟರು ನಗಲಿಲ್ಲ.

"ಮಲಗಿದ್ರೆ ಇದಕ್ಕೆ ಗಂಟಲು ಮುಚ್ಚಿಕೊಳ್ಳುತ್ತಮ್ಮ. ಅದಕ್ಕೇ ಕೂತು ನಿದ್ದೆ ಮಾಡೋದು. ಚೆಂಡು ಕಚ್ಚಿಕೊಳ್ಳೋದು ಬಾಯಿ ತೆರೆದಿರಲಿ ಅಂತ."

ವಿಮಲ ಫೋನನ್ನು ವ್ಯಾನಿಟಿ ಬ್ಯಾಗಿನೊಳಗೆ ಹಾಕಿಕೊಂಡಳು. ಡಾಕ್ಟರು ಮಹಾರಾಣಿಯ ಗದ್ದ ಎತ್ತಿ, ಟಾರ್ಚು ಬಿಟ್ಟು ನಮಗೂ ತೋರಿಸಿದರು. ಮೂಗಿನ ಹೊಳ್ಳೆ ಎರಡು ಗೀರಿನಂತಿದ್ದವು. ತಲೆಬುರುಡೆ ಚಪ್ಪಟೆಯಾದರೂ ಒಳಗಿನ ಮಾಂಸ ಅಷ್ಟೇ ಇದೆ, ಅದೆಲ್ಲ ಗಂಟಲಲ್ಲಿ ತುರುಕಿಕೊಂಡಿದೆ ಎಂದರು. ಎದೆ ಅಗಲ, ಸೊಂಟ ಸಣ್ಣ. ಮರಿ ಹಾಕಬೇಕೆಂದರೂ ಹೊಟ್ಟೆ ಕೊಯ್ಯಬೇಕು. "ಹೊಳ್ಳೆ ಅಗಲ ಮಾಡಿ, ಗಂಟಲಲ್ಲಿರೋ ಹೆಚ್ಚಿನ ಮಾಂಸ ತೆಗೀಬೇಕು. ಬೇಗ ಮಾಡಿಸಿ. ಅಲ್ಲಿ ತನಕ ಬಿಸಿಲಿಗೆ ಬಿಡಬೇಡಿ."

ಸಂಜೆ ನಾಗರಾಜನಿಗೆ ಫೋನು ಮಾಡಿದೆ. ಅವನು ಗಾಬರಿಯಾದ, ಆದರೆ ಬೇರೆ ಕಾರಣಕ್ಕೆ.

"ಶೋ ಮುಗೀಲಿ ಭಾವ! ಮುಖಕ್ಕೆ ಕತ್ತರಿ ಹಾಕಿದ್ರೆ ರಿಂಗ್ ಒಳಗೇ ಬಿಡಲ್ಲ. ಒಂದು ವಾರ ಅಷ್ಟೇ. ಮಾರನೇ ದಿನವೇ ನಾನೇ ಆಪರೇಷನ್ ಮಾಡಿಸ್ತೀನಿ, ಅಕ್ಕನ ಆಣೆ."

ಒಂದು ವಾರ ತಾನೇ ಎಂದು ನಾನೂ ಸುಮ್ಮನಾದೆ. ನಾಯಿ ಅವನದು, ಅಕ್ಕ ಅವನದು; ನನ್ನದು ಎಂದು ಹೇಳಿಕೊಳ್ಳಲು ಸೊಂಟ ನೋವು ಮಾತ್ರ ಇತ್ತು.

ಶೋ ನಡೆದದ್ದು ಭದ್ರಾವತಿಯ ಒಂದು ಮೈದಾನದಲ್ಲಿ, ಶಾಮಿಯಾನದ ಕೆಳಗೆ. ನಾಯಿ ಬೆಕ್ಕು ಎರಡೂ ಬಂದಿದ್ದವು. ಅಲ್ಲಿ ಸುತ್ತು ಹಾಕಿದ ನನಗೆ ಇದು ಸೌಂದರ್ಯ ಸ್ಪರ್ಧೆಯೋ, ಆಸ್ಪತ್ರೆಯ ಹೊರಾಂಗಣವೋ ತಿಳಿಯದಾಯಿತು. ಒಂದು ಶೆಫರ್ಡ್ ನಾಯಿಯ ಬೆನ್ನು ಜಾರುಬಂಡೆಯಂತೆ ಇಳಿದಿತ್ತು. ಹಿಂಗಾಲು ಎಳೆದುಕೊಂಡು ನಡೆಯುವ ಅದರ ನಡಿಗೆಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸೊಬ್ಬರು ತೊಡೆಯ ಮೇಲೆ ಪರ್ಷಿಯನ್ ಬೆಕ್ಕು ಇಟ್ಟುಕೊಂಡು ಅದರ ಕಣ್ಣೀರು ಒರೆಸುತ್ತಿದ್ದರು. ಅದರ ಮುಖವೂ ಮಹಾರಾಣಿಯದರಂತೆ ಗೋಡೆಗೆ ಢಿಕ್ಕಿ ಹೊಡೆದಂತಿತ್ತು.

"ಪಾಪ, ಅಳ್ತಾ ಇದೆಯಲ್ಲಮ್ಮ" ಎಂದೆ.

"ಅಯ್ಯೋ, ಅದು ಅಳೋದಲ್ಲ ಸಾರ್. ಬ್ರೀಡೇ ಹಂಗೆ" ಎಂದು ಇನ್ನೊಂದು ಕರ್ಚೀಫು ತೆಗೆದರು.

ನಮ್ಮ ಸರದಿ ಬಂತು. ತೀರ್ಪುಗಾರರು ಬೇರೆ ಊರಿನವರು, ಬಹಳ ಮರ್ಯಾದಸ್ಥರು. ಮಹಾರಾಣಿಯ ಗದ್ದ ಎತ್ತಿ, ಡಾಕ್ಟರು ಹೇಗೆ ನೋಡಿದ್ದರೋ ಹಾಗೆಯೇ ನೋಡಿದರು. ಆಮೇಲೆ ಮೈಕಿನಲ್ಲಿ ಒಂದೊಂದೇ ಗುಣ ಬಣ್ಣಿಸತೊಡಗಿದರು. ಮೂಗು ಹಿಂದಕ್ಕೆ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಮಡಿಕೆಗಳು ಎಷ್ಟು ದಪ್ಪ. ಎದೆ ಎಷ್ಟು ಅಗಲ, ಸೊಂಟ ಎಷ್ಟು ಸಣ್ಣ. ಡಾಕ್ಟರು ರೋಗ ಎಂದು ಬೆರಳು ಮಡಿಸಿದ್ದನ್ನೆಲ್ಲ ಈ ಮನುಷ್ಯ ಚೆಲುವೆಂದು ಬೆರಳು ಮಡಿಸುತ್ತಿದ್ದರು, ಒಂದನ್ನೂ ಬಿಡದೆ! ಅವರು ಕೆಳಗಿಳಿದಾಗ ತಡೆದು ಕೇಳಿಯೇಬಿಟ್ಟೆ.

"ಸಾರ್, ಅದಕ್ಕೆ ಉಸಿರೇ ಸರಿಯಾಗಿ ಆಡ್ತಿಲ್ಲವಲ್ಲ?"

"ನಾನು ನೋಡೋದು ಸ್ಟ್ಯಾಂಡರ್ಡ್ ಪ್ರಕಾರ ಇದೆಯಾ ಅಂತ ಸಾರ್" ಎಂದರು ಸೌಜನ್ಯದಿಂದ. "ಉಸಿರಿಗೆ ಡಾಕ್ಟರು ಇದ್ದಾರಲ್ಲ."

ಮಹಾರಾಣಿಗೆ ಮೊದಲ ಬಹುಮಾನ ಬಂತು. ನಾಗರಾಜ ಕುಣಿದುಬಿಟ್ಟ. ಆದರೆ ಕಪ್ಪು ಕೊಡಬೇಕಾದ ಅತಿಥಿಗಳು ಇನ್ನೂ ಬಂದಿರಲಿಲ್ಲ. ಈಗ ಬಂದರು, ಆಗ ಬಂದರು ಎನ್ನುತ್ತ ಗೆದ್ದವರನ್ನೆಲ್ಲ ವೇದಿಕೆಯ ಮುಂದೆ ಬಿಸಿಲಲ್ಲೇ ಸಾಲಾಗಿ ನಿಲ್ಲಿಸಿದರು. ನಾನು "ನೆರಳಿಗೆ ಕರ್ಕೊಂಡು ಬಾರೋ" ಎಂದೆ. "ಸಾಲು ಬಿಟ್ರೆ ಫೋಟೊ ತಪ್ಪುತ್ತೆ, ಬಂದೇಬಿಟ್ರು ಭಾವ" ಎಂದ. ಕೊನೆಗೂ ಅತಿಥಿಗಳು ಬಂದು, ಪ್ರಾಣಿದಯೆಯ ಬಗ್ಗೆ ನಾಲ್ಕು ಮಾತು ಆಡಲು ಶುರು ಮಾಡಿದರು. ನಾಲ್ಕನೆಯ ಮಾತು ಮುಗಿಯುವ ಮೊದಲು ಮಹಾರಾಣಿ ಮುಂಗಾಲು ಮಡಿಸಿ ಕುಸಿದಳು. ಜನ ಅದನ್ನೂ ನಮಸ್ಕಾರವೆಂದುಕೊಂಡು ಚಪ್ಪಾಳೆ ಹೊಡೆದರು.

ಅವಳ ನಾಲಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾಗರಾಜ ಸಾಲು ಬಿಟ್ಟು ಅವಳನ್ನು ಎತ್ತಿಕೊಂಡು ಓಡಿದ. ಕಬ್ಬಿನಹಾಲಿನ ಗಾಡಿಯವನು ಕೇಳದೆಯೇ ಇದ್ದ ಐಸನ್ನೆಲ್ಲ ಗೋಣಿಯ ಸಮೇತ ಕೊಟ್ಟ. ಹಿಂದಿನ ಸೀಟಿನಲ್ಲಿ ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟು, ಬಾಯಿ ಬಿಡಿಸಿ ಹಿಡಿದುಕೊಂಡೆ. ಶಿವಮೊಗ್ಗದ ಕಡೆಗೆ ಅಷ್ಟು ಜೋರಾಗಿ ಅವನು ಎಂದೂ ಗಾಡಿ ಓಡಿಸಿರಲಿಲ್ಲ. "ಇದೆಯಾ ಭಾವ? ಇದೆಯಾ?" ಎಂದು ಕೇಳುತ್ತಲೇ ಇದ್ದ. ನಾನು "ಇದೆ, ಇದೆ" ಎನ್ನುತ್ತಿದ್ದೆ. ಊರ ಹೊರಗಿನ ರೈಲ್ವೆ ಗೇಟಿನಲ್ಲಿ ಕಾರು ನಿಂತಾಗ ಅವಳ ಗಿರಣಿಯೂ ನಿಂತಿತು. ಅದು ನಿಂತ ಮೇಲೆ ಕಾರಿನೊಳಗೆ ಎಷ್ಟು ನಿಶ್ಶಬ್ದವಾಯಿತೆಂದರೆ, ನಾನು "ಇದೆ" ಎಂದು ಇನ್ನೊಂದು ಸಲ ಹೇಳಿದೆ. ಅವನು ನಂಬಲಿಲ್ಲ.

ಡಾಕ್ಟರ್ ಶೈಲಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಿಸಿಲು ಜೋರಿತ್ತು ಡಾಕ್ಟ್ರೇ" ಎಂದು ನಾಗರಾಜ ತೊದಲಿದ. "ಅದೇ ಬಿಸಿಲಲ್ಲಿ ನೀವೂ ನಿಂತಿದ್ರಲ್ಲ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಟೈರು ಎತ್ತಿ ಎತ್ತಿ ಗಟ್ಟಿಯಾದ ತೋಳುಗಳ ಆ ಗಂಡಸು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಖಾಲಿ ಬೆಲ್ಟು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಅವಳನ್ನು ಹೂಳಿದೆವು. ಶಂಕ್ರಪ್ಪನವರು ಬಂದು, ಏನೂ ಕೇಳದೆ, ಹಾರೆ ಹಿಡಿದರು.

ಅಂದಿನಿಂದ ನಾನು ಭಾಷಣಕಾರನಾದೆ. ಅಂಗಡಿಗೆ ಕನ್ನಡಕಕ್ಕೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಿಸುತ್ತ ನಾಯಿಯ ಮೂಗಿನ ವಿಚಾರ ಹೇಳತೊಡಗಿದೆ. ಮನುಷ್ಯ ತನ್ನ ಚಪಲಕ್ಕೆ ಒಂದು ಜೀವದ ಉಸಿರು ಕಿತ್ತುಕೊಳ್ಳಬಹುದೇ, ಹೇಳಿ ಸ್ವಾಮಿ? ಪಾಪ, ಅವರು ಕೆಳಗಿನ ಸಾಲಿನ ಅಕ್ಷರ ಓದಲು ಬಂದವರು. ಕೆಲವರು ಹೌದೆಂದರು, ಕೆಲವರು ಎದುರಿನ ಅಂಗಡಿಗೆ ಹೋದರು. ಪಗ್ ನಾಯಿ ಸಾಕಿದ್ದ ಹುಡುಗಿಯೊಬ್ಬಳು ಅಳುತ್ತ ಎದ್ದು ಹೋದಳು, ಬಿಟ್ಟುಹೋದ ಕನ್ನಡಕಕ್ಕೂ ವಾಪಸು ಬರಲಿಲ್ಲ.

ಮಳೆಗಾಲ ಕಳೆಯಿತು. ಒಂದು ದಿನ ನಾಗರಾಜ ಫೋನು ಮಾಡಿ, ಹೊಳೆಹೊನ್ನೂರಿನಲ್ಲಿ ಒಬ್ಬರ ಮನೆಯಲ್ಲಿ ಬುಲ್‌ಡಾಗ್ ಮರಿಗಳಿವೆಯಂತೆ, ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದ. ಸುಮ್ಮನೆ ನೋಡುವುದು ಎಂದರೆ ಏನೆಂದು ನನಗೆ ಗೊತ್ತಿಲ್ಲವೇ! ಅವನನ್ನು ತಡೆಯಲೆಂದೇ ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಭಾಷಣ ಮಾಡಿದೆ.

ಮನೆಯ ಯಜಮಾನರು ಮರಿಗಳನ್ನು ಜಗಲಿಗೆ ಬಿಟ್ಟರು. ಒಂದು ಮರಿ ಉಳಿದವನ್ನು ಹಾರಿ ದಾಟಿ ಮೆಟ್ಟಿಲಿಳಿದು ಅಂಗಳಕ್ಕೆ ಓಡಿತು. ಅದಕ್ಕೆ ನಾಯಿಗಿರಬೇಕಾದಂಥ ಮೂತಿಯಿತ್ತು. "ಅದನ್ನ ನೋಡಬೇಡಿ ಸಾರ್, ಮೂಗು ಉದ್ದ ಬಂದುಬಿಟ್ಟಿದೆ. ಸ್ಟ್ಯಾಂಡರ್ಡ್ ಇಲ್ಲ, ಯಾರೂ ಕೇಳಲ್ಲ" ಎಂದು ಯಜಮಾನರು ನಾಚಿಕೊಂಡರು. ನಾಗರಾಜ ಅಂಗಳಕ್ಕಿಳಿದು ಅದರ ಹಿಂದೆ ಓಡಿದ. ಸುತ್ತು ಹೊಡೆದು ಹೊಡೆದು, ಏದುಸಿರು ಬಿಟ್ಟವನು ಅವನು, ಮರಿಯಲ್ಲ. ಕೊನೆಗೆ ಹಿಡಿದು ಎದೆಗೊತ್ತಿಕೊಂಡು, ಅದರ ಮೂತಿಯನ್ನು ಬೆರಳಿನಿಂದ ಸವರಿ, "ಭಾವ, ನನಗೆ ಇದೇ ಸಾಕು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಷ್ಟು ಹೊತ್ತಿಗೆ ಜಗಲಿಯ ಮೇಲೆ ಕೂತಿದ್ದ ನನ್ನ ತೊಡೆಗೆ ಇನ್ನೊಂದು ಮರಿ ಹತ್ತಿತ್ತು. ಅಂಗೈಯಂತೆ ಚಪ್ಪಟೆ ಮುಖ, ಹಣೆಯ ತುಂಬ ಮಡಿಕೆ, ಗೊರ್ ಗೊರ್ ಎನ್ನುತ್ತ ನನ್ನ ಶರ್ಟಿನ ಗುಂಡಿಯನ್ನು ಚೀಪುತ್ತಿತ್ತು. ಇದನ್ನು ಬಿಟ್ಟುಹೋದರೆ ಯಾರ ಕೈಗೆ ಸಿಗುತ್ತದೋ ಏನೋ, ತಿಳಿದವರ ಮನೆಯಲ್ಲಿದ್ದರೆ ಒಳ್ಳೆಯದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗಿಡಲು ಎರಡು ಸಲ ನೋಡಿದೆ. ಕೈ ಬರಲಿಲ್ಲ.

ಮಾರನೆಯ ಬೆಳಗ್ಗೆ ಸೂಜಿ ಹಾಕಿಸಲು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಶೈಲಜಾ ಮರಿಯ ಗದ್ದ ಎತ್ತಿ ನೋಡಿದರು. ಹೊಳ್ಳೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

"ಯಾರು ಆರಿಸಿದ್ದು ಇದನ್ನ?"

"ನನ್ನ ಭಾವಮೈದ ಡಾಕ್ಟ್ರೇ" ಎಂದೆ. "ಎಷ್ಟು ಹೇಳಿದ್ರೂ ಕೇಳಲ್ಲ ಆ ಮಾರಾಯ."