ಮಡೆಪ್ಪ ಮಾಡದ ಆಣೆ

ಎಮ್ಮೆಯನ್ನು ಮರಳಿ ಪಡೆಯಲು ಮಡೆಪ್ಪ ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಭಾಲ್ಕಿಯ ಅದಾಲತ್ತಿನಲ್ಲಿ ನಿಂತು, ಲಿಂಗ ಹಿಡಿದು, ಆಣೆ ಮಾಡುವುದು. ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ಅವನು ತಯಾರಿದ್ದ.

ರಜಾಕಾರರ ಗಲಾಟೆಯಲ್ಲಿ ಹಲಬರ್ಗಾದಲ್ಲಿ ಮಡೆಪ್ಪನ ಓಣಿಗೆ ಓಣಿಯೇ ಸೊಲ್ಲಾಪುರದ ಕಡೆಗೆ ಓಡಿತ್ತು. ಹೋಗುವಾಗ ಮಡೆಪ್ಪ ತನ್ನ ಎಮ್ಮೆಯನ್ನು, ಓಡದೆ ಉಳಿದಿದ್ದ ನೆರೆಯ ಹಾವಗೆಪ್ಪನ ಕೊಟ್ಟಿಗೆಯಲ್ಲಿ ಕಟ್ಟಿದ್ದ; ಆ ಗಡಿಬಿಡಿಯಲ್ಲಿ ಅದನ್ನು ಕಂಡವರಿಲ್ಲ. ಪೊಲೀಸ್ ಆಕ್ಷನ್ ಮುಗಿದು, ಮರಳಿ ಬಂದು ಕೇಳಿದರೆ ಹಾವಗೆಪ್ಪ, "ನಿನ್ನ ಎಮ್ಮಿ ಹಗ್ಗ ಹರ್ಕೊಂಡು ಎಲ್ಲೋ ಹೋಯ್ತಪ್ಪ. ಇದು ನಾ ಔರಾದ ಸಂತ್ಯಾಗ ತಂದದ್ದು," ಎಂದ. ಎಮ್ಮೆ ಮಡೆಪ್ಪನನ್ನು ಕಂಡು ಕೂಗಿತು. ಅದರ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಆದರೂ ಊರಿಗೆ ಚಿಂತೆಯಿರಲಿಲ್ಲ. ಸುಳ್ಳು ಹೇಳುವುದರಲ್ಲಿ ಹಾವಗೆಪ್ಪ ಎತ್ತಿದ ಕೈ, ಆದರೆ ಲಿಂಗ ಮುಟ್ಟಿ ಸುಳ್ಳು ಹೇಳುವ ಎದೆ ಅವನಿಗಿಲ್ಲ. ಆಣೆಗೆ ನಿಲ್ಲಿಸಿದರೆ ಎಮ್ಮೆ ಮನೆಗೆ ಬಂದಂತೆಯೇ. ತೊಡಕು ಇಷ್ಟೇ: ದಾವೆ ಹಾಕಿದವನು ಮೊದಲು ಆಣೆ ಮಾಡಬೇಕು, ಇಲ್ಲದಿದ್ದರೆ ದಾವೆಯೇ ಖಾರಿಜು, ವಜಾ. ಮಡೆಪ್ಪನೋ, ಸೊಲ್ಲಾಪುರದ ನಿರಾಶ್ರಿತರ ಕ್ಯಾಂಪಿನ ಕಾಲರಾದಲ್ಲಿ ತಮ್ಮ ಸತ್ತ ದಿನವೇ ಕೊರಳಿನ ಲಿಂಗ ತೆಗೆದು ಹೆಂಡತಿಯ ಕೈಗೆ ಕೊಟ್ಟವನು.

"ಇವತ್ತೊಂದಿನ ದೇವ್ರು ಅದಾನ ಅನ್ರಿ," ಎಂದು ಹೆಂಡತಿ ಸುಂದರಬಾಯಿ ಬೆಳಿಗ್ಗೆ ಕೈಮುಗಿದಳು. "ನಾಳಿಂದ ಬ್ಯಾಡಂತ."

"ಇಲ್ಲ ಅಂದ ದೇವ್ರ ಹೆಸರ ಮ್ಯಾಲ ಆಣಿ ಮಾಡಿದ್ರ ಅದೇ ಮೊದಲ್ನೇ ಸುಳ್ಳು ಆಗ್ತದ," ಎಂದು ಮಡೆಪ್ಪ ರೊಟ್ಟಿಯ ಗಂಟು ಎತ್ತಿಕೊಂಡ.

ಬಾಬುಮಿಯಾನ ಟಾಂಗಾದಲ್ಲಿ ದವಾಖಾನೆಯ ಕಂಪೌಂಡರ್ ಸಾಲೋಮನನೂ ಇದ್ದ. ಮಡೆಪ್ಪ ಹತ್ತಿದ್ದೇ ತಡ, ಇಬ್ಬರೂ ಶುರುಮಾಡಿದರು.

"ದೇವ್ರೇ ಇಲ್ಲಂದ್ರ ನಿನಗ ಯಾರ ಅಂಜಿಕಿ?" ಎಂದ ಬಾಬುಮಿಯಾ. "ಲಗಾಮಿಲ್ಲದ ಕುದುರಿ ಸೀದಾ ಹೋಗ್ತದೇನು?"

"ಹಂಗ ಅನ್ನಬ್ಯಾಡ," ಎಂದ ಸಾಲೋಮನ. "ನಮ್ಮಲ್ಲಿ ಒಬ್ಬ ಬಿಳಿ ಡಾಕ್ಟರ್ ಇದ್ದ. ಪ್ರಾರ್ಥನಿ ಇಲ್ಲ, ಚರ್ಚ್ ಇಲ್ಲ. ಅವರ ಸೀಮ್ಯಾಗ ಅಂಥವರು ಭಾಳ ಮಂದಿ ಅದಾರಂತ. ಆದ್ರ ರೋಗಿ ಎದ್ದು ಕೂಡೋತನಕ ಅಂವ ಊಟಕ್ಕ ಏಳ್ತಿದ್ದಿಲ್ಲ."

ಬಾಬುಮಿಯಾ ಸ್ವಲ್ಪ ಮೆತ್ತಗಾದ. "ಹೈದ್ರಾಬಾದದಾಗ ನಮ್ಮ ಖಾಲಾ, ಅಂದ್ರ ಚಿಗವ್ವನ ಮಗನೂ ಹಂಗೇ. ನಮಾಜಿಲ್ಲ, ರೋಜಾ ಇಲ್ಲ. ಗಲಾಟ್ಯಾಗ ಎರಡೂ ಕಡಿ ಮಂದೀನ ತನ್ನ ಮನ್ಯಾಗ ಅಡಗಿಸಿಟ್ಟ. ಖರೇ ಮಾತು. ಆದ್ರೂ ಮಡೆಪ್ಪ, ಎಮ್ಮಿ ಸಲುವಾಗಿ ಒಂದು ಕಸಂ ತಿನ್ನಪ್ಪ!"

ಮಡೆಪ್ಪ ರೊಟ್ಟಿಯ ಗಂಟು ಬಿಚ್ಚಿದ. ರೊಟ್ಟಿಯ ನಡುವೆ ಶೇಂಗಾ ಹಿಂಡಿ, ಹಿಂಡಿಯ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಅವನದೇ ಲಿಂಗ. ಸುಂದರಬಾಯಿಯೂ ಹಟದಲ್ಲಿ ಗಂಡನಿಗೆ ಕಡಿಮೆಯವಳಲ್ಲ. ಅವನು ಹಸಿದೇ ಗಂಟು ಕಟ್ಟಿದ.

ಅದಾಲತ್ತಿನಲ್ಲಿ ಆಣೆ ಮಾಡಿಸುವ ಗುಮಾಸ್ತ ಪೇಶಕಾರ, "ಲಿಂಗ ತೆಗಿ," ಎಂದ.

"ರೊಟ್ಟಿ ಗಂಟಿನಾಗ ಅದರಿ. ಅದು ನನ್ನ ಹೆಂಡತೀದು ಅಂತ ತಿಳೀರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಹಿಂದಿನಿಂದ ಸಾಲೋಮನ ತನ್ನ ಬೈಬಲ್ ಎತ್ತಿ ತೋರಿಸಿದ. ಕುರಾನು ತರಲೇ ಎಂದು ಬಾಬುಮಿಯಾ ಬಾಗಿಲಿನಿಂದಲೇ ಕೂಗಿದ. ಹಾವಗೆಪ್ಪನ ಮುಖ ಅರಳಿತು.

ಮುನ್ಸೀಫರು ಮೇಜು ಗುದ್ದಿದರು. "ಆಣಿ ಮಾಡ್ತಿಯೋ, ದಾವೆ ಖಾರಿಜ್ ಮಾಡ್ಲೋ?"

ಮಡೆಪ್ಪನ ಕಣ್ಣ ಮುಂದೆ ಎಮ್ಮೆ ಬಂತು. ಆದರೂ ಅವನು ಬಾಗಲಿಲ್ಲ.

"ಸಾಹೇಬ್ರ, ನನಗ ದೇವರಿಲ್ಲ, ಆದ್ರ ನಾಚಿಕಿ ಅದ. ಸುಳ್ಳು ಹೇಳಿದ್ರ ನನ್ನ ಮಾರಿ ನನಗೇ ನೋಡ್ಲಿಕ್ಕಾಗಂಗಿಲ್ಲ. ಇದಕ್ಕಿಂತ ದೊಡ್ಡ ಆಣಿ ನನ್ನ ಹಂತ್ಯಾಕ ಇಲ್ರಿ."

ಮುನ್ಸೀಫರು ಕಾಯ್ದೆಯ ಪುಸ್ತಕ ತೆಗೆದು ಒಂದು ಹಾಳೆ ನೋಡಿದರು. ಆಮೇಲೆ, "ಹಂಗಾದ್ರ ಮನಸಾಕ್ಷಿ ಮ್ಯಾಲ ಖರೇ ಹೇಳ್ತೇನಿ ಅನ್ನು. ಸಾಕು," ಎಂದರು.

ಗೆದ್ದೆ ಎಂದು ಮಡೆಪ್ಪನ ಎದೆ ಉಬ್ಬಿತು. ಹಾಗೆಯೇ ಅಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಇಳಿದ.

ಈಗ ಹಾವಗೆಪ್ಪನ ಪಾಳಿ. ಅವನ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಲಿಂಗದತ್ತ ಹೋದ ಕೈ ಕಾದ ಹಂಚು ತಾಗಿದಂತೆ ಹಿಂದೆ ಸರಿಯಿತು. ನೋಡಲು ಬಂದಿದ್ದ ಹಲಬರ್ಗಾದವರೆಲ್ಲ ಮುಂದಕ್ಕೆ ಬಾಗಿದರು. ಹಾವಗೆಪ್ಪ ಒಮ್ಮೆ ಮಡೆಪ್ಪನನ್ನು ನೋಡಿದ, ಒಮ್ಮೆ ಮುನ್ಸೀಫರನ್ನು.

"ಸಾಹೇಬ್ರ, ನನಗೂ ಮಡೆಪ್ಪನ ಆಣಿನೇ ನಡೀತದೇನ್ರಿ?"

"ಕಾಯ್ದೆ ಎಲ್ಲರಿಗೂ ಒಂದೇ."

ಹಾವಗೆಪ್ಪ ಲಿಂಗವನ್ನು ಅಂಗಿಯೊಳಗೆ ಜೋಪಾನವಾಗಿ ಸೇರಿಸಿ, ಮನಸ್ಸಾಕ್ಷಿಯ ಮೇಲೆ ಔರಾದ ಸಂತೆಯ ಕತೆಯನ್ನು ಒಂದೇ ಉಸಿರಿಗೆ ಹೇಳಿದ. ಬೇರೆ ಸಾಕ್ಷಿಯಿಲ್ಲ ಎಂದು ಎಮ್ಮೆ ಇದ್ದವನಲ್ಲಿಯೇ ಉಳಿಯಿತು.

ಸಂಜೆ ಅದೇ ಟಾಂಗಾದಲ್ಲಿ ಹಾವಗೆಪ್ಪನೂ ಹತ್ತಿ ಮಡೆಪ್ಪನ ಪಕ್ಕದಲ್ಲೇ ಕೂತ. "ತಪ್ಪು ತಿಳೀಬ್ಯಾಡ ತಮ್ಮಾ. ಲಿಂಗ ಕೈಯಾಗ ಇದ್ದಿದ್ರ ಹಗ್ಗದ ಸಮೇತ ಕೊಟ್ಟುಬಿಡ್ತಿದ್ದೆ."

ಮಡೆಪ್ಪ ಹಲ್ಲು ಕಚ್ಚಿದ. "ನಾ ಬಿಡಂಗಿಲ್ಲ. ಬೀದರಿಗಿ ಅಪೀಲು ಹೋಗ್ತೇನಿ. ಅಲ್ಲೂ ದೇವ್ರ ಆಣಿ ಮಾಡಂಗಿಲ್ಲ!"

ಹಾವಗೆಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

"ಶಾಬಾಸ್! ಹಿಂಗೇ ಗಟ್ಟಿಯಾಗಿ ನಿಲ್ಲು ಮಡೆಪ್ಪ. ನಿನ್ನ ಬೆನ್ನ ಹಿಂದ ನಾ ಇದ್ದೇನಿ."