ಹದಿನಾರು ತುಂಬದ ಪಿಸ್ತೂಲುಗಾರರು

ಹುಡುಗನೊಬ್ಬ ಪಿಸ್ತೂಲಿನ ಸಮೇತ ಸಿಕ್ಕಿಬಿದ್ದು ನಮ್ಮ ಬಳ್ಳಾರಿ ಕೋರ್ಟಿಗೆ ಬಂದನೆಂದರೆ, ಆ ದಿನ ಏನಾದರೊಂದು ಎಡವಟ್ಟು ಆಗದೆ ಕೋರ್ಟು ಏಳುತ್ತಲೇ ಇರಲಿಲ್ಲ. ನಾನು ಅಲ್ಲಿ ದುಭಾಷಿಯಾಗಿದ್ದೆ. ಮ್ಯಾಜಿಸ್ಟ್ರೇಟರು ತಂಜಾವೂರು ಕಡೆಯವರು, ಕನ್ನಡ ಬಾರದು. ನಮ್ಮ ಜನ ಅಂದದ್ದನ್ನು ಇಂಗ್ಲಿಷಿಗೆ, ಅವರು ಅಂದದ್ದನ್ನು ಕನ್ನಡಕ್ಕೋ ತೆಲುಗಿಗೋ ತಿರುಗಿಸುವುದು ನನ್ನ ಕೆಲಸ. ಬೈಗುಳ ಬಂದಾಗ ಮಾತ್ರ ನನಗೆ ಕೆಮ್ಮು ಬರುತ್ತಿತ್ತು.

ಮಹಾಯುದ್ಧ ಮುಗಿದಿತ್ತು. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಗಲಾಟೆ. ಯಾರೋ ಬಿಸಾಡಿದ, ಇನ್ಯಾರೋ ಬಚ್ಚಿಟ್ಟು ಮರೆತ ಪಿಸ್ತೂಲುಗಳು ಹುಡುಗರ ಕೈಗೆ ಸಿಗುತ್ತಿದ್ದವು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ದೊಡ್ಡವರಿಗಾದರೆ ಜೈಲು. ಹದಿನಾರು ತುಂಬದವರಿಗೆ ಬೇರೆ ಕಾನೂನು: ಬುದ್ಧಿ ಹೇಳಿ ಮನೆಯವರ ಕೈಗೆ ಒಪ್ಪಿಸಬಹುದು, ಬೆತ್ತದ ಏಟು ಕೊಡಿಸಬಹುದು, ತೀರಾ ಕೈಮೀರಿದವನಾದರೆ ಸರ್ಕಾರದ ಹುಡುಗರ ಶಾಲೆಗೆ ಕಳಿಸಬಹುದು.

ಕನ್ನಡದ ವಯಸ್ಸು, ಇಂಗ್ಲಿಷಿನ ವಯಸ್ಸು

ಸಿರುಗುಪ್ಪದ ರೈತನೊಬ್ಬನ ಮಗ ಹೊಳೆಯ ಮರಳಿನಲ್ಲಿ ಸಿಕ್ಕ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಯಲ್ಲಿ ಅಡ್ಡಾಡಿದ್ದ. ಸಂತೆ ಮುಗಿಯುವುದರೊಳಗೆ ಪೊಲೀಸರು ಹಿಡಿದರು. ಹುಡುಗನ ಎತ್ತರ ನೋಡಿದರೆ ಹದಿನೆಂಟು, ಮುಖ ನೋಡಿದರೆ ಹದಿಮೂರು. ವಯಸ್ಸು ಹೇಳಲು ಅಪ್ಪನನ್ನು ಸಾಕ್ಷಿಕಟ್ಟೆಗೆ ಹತ್ತಿಸಿದರು.

ಆತ ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದ. ಬೆವರು ಒರೆಸಿಕೊಂಡು ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ಸ್ವಾಮಿ, ಹಿಂದಿನ ಬೆಂಚಿನಾಗ ದೊಡ್ಡ ರುಮಾಲು ಸುತ್ತಿಕೊಂಡು ಕುಂತಾನಲ್ರಿ, ಅಂವ ನಮಗ ಬೀಗ ಆಗಾಂವ. ಹುಡುಗಗ ಇಪ್ಪತ್ತು ಅಂತ ಹೇಳಿ ಮದುವಿ ಮಾತಾಡೀನಿ. ಹದಿನೈದು ಅಂದ್ರ ಸಂಬಂಧ ಮುರೀತೈತಿ, ಇಪ್ಪತ್ತು ಅಂದ್ರ ಜೈಲು."

"ನಾ ಏನು ಮಾಡ್ಲಪ್ಪ ಅದಕ್ಕ?"

"ನಾ ಕನ್ನಡದಾಗ ಇಪ್ಪತ್ತು ಅಂತೀನಿ. ನೀವು ಇಂಗ್ಲಿಷಿನಾಗ ಹದಿನೈದು ಅಂದ್ಬಿಡ್ರಿ."

ಆಣೆ ಮಾಡಿ ಕೆಲಸಕ್ಕೆ ಸೇರಿದವನು ನಾನು. ಆಗುವುದಿಲ್ಲ ಎಂದು ತಲೆಯಾಡಿಸಿದೆ. ಮ್ಯಾಜಿಸ್ಟ್ರೇಟರು, "ಏನಂತಾನೆ?" ಎಂದರು. "ಲೆಕ್ಕ ಹಾಕುತ್ತಿದ್ದಾನೆ" ಎಂದೆ. ಅದು ಸುಳ್ಳೇನಲ್ಲ.

ಕೊನೆಗೆ ಹುಡುಗನನ್ನು ಡಾಕ್ಟರ ಬಳಿ ಕಳಿಸಿದರು. ಅವರು ಹಲ್ಲು ನೋಡಿ, ಹದಿನಾರು ತುಂಬಿಲ್ಲ ಎಂದು ಬರೆದುಕೊಟ್ಟರು. ಮ್ಯಾಜಿಸ್ಟ್ರೇಟರು ಬುದ್ಧಿ ಹೇಳಿ ಹುಡುಗನನ್ನು ಅಪ್ಪನ ಕೈಗೆ ಒಪ್ಪಿಸಿದರು. ಮಗ ಉಳಿದ ಸಂತೋಷ, ಬೀಗತನ ಹೋಯಿತೆಂಬ ದುಃಖ, ಎರಡೂ ಒಟ್ಟಿಗೆ ಬಂದು ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಹೊರಗೆ ಬರುತ್ತಲೇ ರುಮಾಲಿನವನು ನೇರವಾಗಿ ಅವನೆದುರು ಬಂದು ನಿಂತ. ಇನ್ನೇನು ಜಗಳ ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಆತ ನಿಧಾನವಾಗಿ ಅಂದ: "ಕಾಯ್ತೀವಿ ಬಿಡ್ರಿ. ಜೈಲಿನಾಗಿರೋ ಇಪ್ಪತ್ತರ ಅಳಿಯಗಿಂತ ಮನ್ಯಾಗಿರೋ ಹದಿನೈದರ ಅಳಿಯ ಚಲೋ."

ಲೈಸೆನ್ಸ್ ಐತ್ರಿ

ರೂಪನಗುಡಿಯ ಹುಡುಗನೊಬ್ಬ ಸೈಕಲ್ಲಿನ ಕ್ಯಾರಿಯರ್‌ಗೆ ಪಿಸ್ತೂಲು ಕಟ್ಟಿಕೊಂಡು ಬಳ್ಳಾರಿಗೆ ಬಂದಿದ್ದ. "ಲೈಸೆನ್ಸ್ ಇದೆಯಾ ಕೇಳಿ" ಎಂದರು ಮ್ಯಾಜಿಸ್ಟ್ರೇಟರು. ಕೇಳಿದೆ.

"ಐತ್ರಿ!" ಎಂದು ಹುಡುಗ ಜೇಬಿನಿಂದ ಹಿತ್ತಾಳೆ ಬಿಲ್ಲೆಯೊಂದನ್ನು ತೆಗೆದು ಎತ್ತಿ ತೋರಿಸಿದ. ಸೈಕಲ್ಲಿಗೆಂದು ಮುನಿಸಿಪಾಲಿಟಿಯವರು ಕೊಡುವ ಲೈಸೆನ್ಸ್ ಬಿಲ್ಲೆ.

"ಲೇ, ಇದು ಸೈಕಲ್ಲಿಂದು!" ಎಂದೆ.

"ಹೌದ್ರಿ. ಪಿಸ್ತೂಲು ಸೈಕಲ್ ಮ್ಯಾಲೇ ಇತ್ತಲ್ರಿ."

ಕುರುಗೋಡಿನ ಅಜ್ಜಿ

ಕುರುಗೋಡಿನ ಹುಡುಗ ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲು ಪಿಸ್ತೂಲು ಇಟ್ಟುಕೊಂಡಿದ್ದ. ತಂದೆತಾಯಿ ಇಲ್ಲದವನು, ಅಜ್ಜಿ ಸಾಕಿದ್ದಳು. ಮ್ಯಾಜಿಸ್ಟ್ರೇಟರಿಗೆ ಅಂದು ಬಿಸಿಲಿಗೋ ಏನೋ ಸಿಟ್ಟು ಏರಿತ್ತು. ಇಂಥವರಿಗೆ ಬೆತ್ತವೇ ಸರಿ ಎಂದು ಶುರುಮಾಡಿದರು.

ಅಜ್ಜಿ ನನ್ನನ್ನು ಕೇಳಿದಳು: "ಸಾಹೇಬ್ರು ಏನಂತಾರಪ್ಪಾ?"

"ಬೆತ್ತದಿಂದ ಹೊಡಿಸ್ಬೇಕಂತಾರಬೇ."

"ನನ್ನ ಮೊಮ್ಮಗನ್ನ ಮಂದಿ ಯಾಕ ಹೊಡೀಬೇಕು? ನಾನೇನು ಸತ್ತೀನೇನು?"

ಅಂದವಳೇ ಕಾಲಿನ ಚಪ್ಪಲಿ ಕೈಗೆ ತಗೊಂಡು, ಕಟಕಟೆಗೆ ನುಗ್ಗಿ, ಹುಡುಗನ ಬೆನ್ನಿಗೆ ಬಾರಿಸಲು ಹತ್ತಿದಳು. ಜೊತೆಗೆ ಹುಡುಗನಿಗೆ, ಹಂದಿಗೆ, ಪಿಸ್ತೂಲು ಮಾಡಿದವನಿಗೆ, ಅವನ ವಂಶಕ್ಕೆ ಬೈಗುಳ. ನನಗೆ ಒಂದೇ ಸಮನೆ ಕೆಮ್ಮು. ಜವಾನರಿಬ್ಬರು ಸೇರಿ ಅವಳನ್ನು ಬಿಡಿಸುವಷ್ಟರಲ್ಲಿ ಹುಡುಗ "ಸತ್ತೆನೋ" ಎಂದು ಕೂಗಿ ಕೋರ್ಟು ಎಬ್ಬಿಸಿದ್ದ.

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟು, "ಒಂದು ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಲು ಕಾನೂನಿನಲ್ಲಿ ಬರುವುದಿಲ್ಲ. ಕರೆದುಕೊಂಡು ಹೋಗಲು ಹೇಳಿ" ಎಂದರು.

ಅವರಿಬ್ಬರ ಹಿಂದೆಯೇ ನಾನೂ ಮೆಟ್ಟಿಲಿಳಿದೆ. ಅಜ್ಜಿ ಸೆರಗಿನಿಂದ ಮೊಮ್ಮಗನ ಬೆನ್ನು ಒರೆಸುತ್ತಿದ್ದಳು. "ನೋವಾತೇನೋ ಕೂಸೇ?"

"ಇಲ್ಲಬೇ."

"ಹೆಂಗಾಗತೈತಿ? ಸವೆದು ಮೆತ್ತಗಾಗಿದ್ದ ಚಪ್ಪಲೀನ ಹುಡುಕಿ ಮೆಟ್ಕೊಂಡು ಬಂದೀನಿ."

ಕೌಲ್ ಬಜಾರಿನ ಅಣ್ಣತಮ್ಮಂದಿರು

ಬಳ್ಳಾರಿ ಕೌಲ್ ಬಜಾರಿನ ಹುಡುಗನೊಬ್ಬ ಪಿಸ್ತೂಲಿನೊಂದಿಗೆ ಒಮ್ಮೆ ಸಿಕ್ಕಾಗ ಬುದ್ಧಿ ಹೇಳಿ ಬಿಟ್ಟಿದ್ದರು. ಮತ್ತೆ ಸಿಕ್ಕ. ಈ ಸಲ ಮ್ಯಾಜಿಸ್ಟ್ರೇಟರು ಬಗ್ಗಲಿಲ್ಲ, ಸರ್ಕಾರದ ಹುಡುಗರ ಶಾಲೆಗೆ ಕಳಿಸಿದರು. ಅವನ ತಾಯಿ ಗಂಡ ಸತ್ತವಳು, ಇಟ್ಟಿಗೆ ಹೊತ್ತು ಮೂವರು ಮಕ್ಕಳನ್ನು ಸಾಕುವವಳು. ಕೋರ್ಟಿನ ಅಂಗಳದ ಬೇವಿನ ಮರದಡಿ ಕೂತು ಸಂಜೆವರೆಗೂ ಅತ್ತಳು. "ಅಲ್ಲಿ ಹೊಟ್ಟೆ ತುಂಬಾ ಊಟ ಹಾಕ್ತಾರವ್ವ, ಓದು ಕಲಿಸ್ತಾರ" ಎಂದು ನಾನೇ ಸಮಾಧಾನ ಮಾಡಿ ಕಳಿಸಿದ್ದೆ.

ಕೆಲವು ತಿಂಗಳು ಕಳೆದವು. ಒಂದು ದಿನ ಪೊಲೀಸಿನವನೊಬ್ಬ ಎದೆಯುಬ್ಬಿಸಿಕೊಂಡು ಕೋರ್ಟಿಗೆ ಬಂದ. ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದು ಕೈಯಲ್ಲಿ ಇಬ್ಬರು ಚಿಕ್ಕ ಹುಡುಗರ ಅಂಗಿ ಕಾಲರು. ನಡುಬೀದಿಯಲ್ಲಿ ಪಿಸ್ತೂಲು ತೋರಿಸಿ ಜಟಕಾದವನನ್ನು ಹೆದರಿಸಿದರಂತೆ. ನೋಡಿದರೆ ಆ ಹುಡುಗನ ತಮ್ಮಂದಿರೇ!

"ಇಡೀ ಮನೆಯೇ ಹೀಗೆ!" ಎಂದು ಮ್ಯಾಜಿಸ್ಟ್ರೇಟರು ಮೇಜು ಗುದ್ದಿದರು. "ತಾಯಿಯನ್ನು ಕರೆಸಿ. ಇವರನ್ನೂ ಅಲ್ಲಿಗೇ ಕಳಿಸುತ್ತೇನೆ."

ತಾಯಿ ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಪೊಲೀಸಿನವನು ಗಂಟು ಬಿಚ್ಚಿದ. ಎರಡು ಪಿಸ್ತೂಲು, ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಮುಂದೆ ಕೂತಿದ್ದ ವಕೀಲರು ಕುರ್ಚಿ ಹಿಂದಕ್ಕೆ ಸರಿಸಿದರು. ಮ್ಯಾಜಿಸ್ಟ್ರೇಟರು ಒಂದನ್ನು ಹುಷಾರಾಗಿ ಎತ್ತಿದರು, ತೂಗಿ ನೋಡಿದರು, ಉಗುರಿನಿಂದ ಕೆರೆದರು. ಕಪ್ಪು ಬಣ್ಣ ಎದ್ದು ಒಳಗೆ ತೇಗದ ಕಟ್ಟಿಗೆ ಕಂಡಿತು.

ಪೊಲೀಸಿನವನ ಎದೆ ಇಳಿಯಿತು. ಮ್ಯಾಜಿಸ್ಟ್ರೇಟರು ಬೆರಳಿಟ್ಟು ಪಿಸ್ತೂಲಿನ ಕುದುರೆ ಎಳೆದರೆ ಟಕ್ ಎನ್ನುತ್ತದೆ, ನಳಿಗೆ ನೆಟ್ಟಗಿದೆ. ಅವರು ಬೆರಗಾಗಿ, "ಇಷ್ಟು ಚೆಂದ ಯಾರು ಮಾಡಿದರು?" ಎಂದರು.

ಹುಡುಗರು ತಾಯಿಯ ಕಡೆ ನೋಡಿದರು. ತಾಯಿ ಕೈಮುಗಿದು ಹೇಳಿದಳು:

"ಹಿರೀ ಮಗ ಮಾಡಿ, ತಮ್ಮಂದಿರಿಗೆ ಆಡಾಕ ಅಂತ ಕಳಿಸ್ಯಾನ್ರಿ. ನೀವು ಕಳಿಸಿದ ಸಾಲ್ಯಾಗ ಬಡಿಗಿ ಕೆಲಸ ಕಲಿಸ್ತಾರಂತ. ನಿನಗ ಚಲೋತ್ನಾಗಿ ಗೊತ್ತಿರೋ ಸಾಮಾನು ಯಾವುದಾದ್ರೂ ಮಾಡಿ ತೋರ್ಸು ಅಂದ್ರಂತ ಮೇಷ್ಟ್ರು. ಇಂವ ಮಾಡಿ ತೋರ್ಸ್ಯಾನ. ಮೇಷ್ಟ್ರು ನೋಡಿ ಪಾಸ್ ಮಾಡ್ಯಾರ್ರಿ!"